ಬರೆದಿಟ್ಟ ಲೆಕ್ಕವನ್ನು ಕೆಲಸಕ್ಕೆ ಹಚ್ಚುವುದು ಹೇಗೆ: ಹಾಲಿನ ಡೈರಿಯ ಮಾಜಿ ಕಾರ್ಯದರ್ಶಿಯೊಬ್ಬಳ ಅನುಭವ

ನಮ್ಮ ಡೈರಿಯ ಕಬ್ಬಿಣದ ಬೀರುವಿನಲ್ಲಿ ಹನ್ನೊಂದು ಬಗೆಯ ಪುಸ್ತಕಗಳಿದ್ದವು. ಹಾಲು ಖರೀದಿ, ಪರೀಕ್ಷೆ, ಲಾರಿ ಚೀಟಿಗಳ ಕಡತ, ಸ್ಥಳೀಯ ಮಾರಾಟ, ಪಶು ಆಹಾರದ ದಾಸ್ತಾನು, ಕೃತಕ ಗರ್ಭಧಾರಣೆ, ಬಟವಾಡೆ, ನಗದು, ಷೇರು, ನಡಾವಳಿ, ಹಾಜರಿ. ಇಪ್ಪತ್ತೆರಡು ವರ್ಷ ಅವನ್ನೆಲ್ಲ ನಾನೇ ಬರೆದೆ. ಮೊದಲ ಒಂಬತ್ತು ವರ್ಷ ಅವುಗಳಲ್ಲಿ ಒಂದನ್ನೂ ಒಂದು ತೀರ್ಮಾನಕ್ಕಾಗಿ ತೆರೆದದ್ದು ನೆನಪಿಲ್ಲ. ಆಡಿಟರ್ ಬಂದಾಗ ತೆರೆಯುತ್ತಿದ್ದೆವು, ಬಟವಾಡೆಯ ದಿನ ಜಗಳ ಎದ್ದಾಗ ತೆರೆಯುತ್ತಿದ್ದೆವು. ಉಳಿದಂತೆ ಸಭೆಯಲ್ಲಿ ಗಂಟಲು ಗಟ್ಟಿ ಇದ್ದವರು ಹೇಳಿದ್ದೇ ಠರಾವು.

ನಮ್ಮದು ಹಳೆ ಮೈಸೂರು ಸೀಮೆಯ, ರಾಗಿ ಬೆಳೆಯುವ ಒಂದು ಊರಿನ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘ. ಊರವರ ಬಾಯಲ್ಲಿ ಬರೀ ಡೈರಿ. ನಾನು ನಿವೃತ್ತಳಾದ ಮೇಲೆ ಅಕ್ಕಪಕ್ಕದ ಸಂಘಗಳ ಹೊಸ ಕಾರ್ಯದರ್ಶಿಗಳು ಮನೆಗೆ ಬಂದು, "ಅಕ್ಕ, ಅಂಕಿ-ಅಂಶ ನೋಡಿ ನಿರ್ಧಾರ ಮಾಡಿ ಎಂದು ತರಬೇತಿಯಲ್ಲಿ ಹೇಳಿದರು. ಅದನ್ನು ಮಾಡುವುದು ಹೇಗೆ ಎಂದು ಮಾತ್ರ ಹೇಳಲಿಲ್ಲ" ಎನ್ನುತ್ತಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶಾಲೆ, ಸ್ವಸಹಾಯ ಗುಂಪು, ಸಣ್ಣ ಕಾರ್ಖಾನೆ ನಡೆಸುವವರು ಹಾಲಿನ ಜಾಗದಲ್ಲಿ ತಮ್ಮ ಸರಕನ್ನು ಇಟ್ಟುಕೊಂಡು ಓದಿದರೆ ಆಯಿತು.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಪುಸ್ತಕಗಳು ತೀರ್ಮಾನ ಮಾಡುವುದಕ್ಕೆಂದು ಹುಟ್ಟಿದವಲ್ಲ. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ರೈತರು ಒಕ್ಕೂಟ ಕಟ್ಟಿಕೊಂಡರು. ಅಲ್ಲಿಂದ ಬೆಳೆದ ಆಣಂದ್ ಮಾದರಿಯ ಜೀವಾಳವೆಂದರೆ ಪ್ರತಿ ಮನೆಯ ಹಾಲನ್ನೂ ಅವರ ಕಣ್ಣೆದುರೇ ಅಳೆದು, ಪರೀಕ್ಷಿಸಿ, ಗುಣಕ್ಕೆ ತಕ್ಕ ಹಣ ಕೊಡುವುದು. 1970ರ ದಶಕದ ಮಧ್ಯಭಾಗದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯೊಂದಿಗೆ ಆ ಪದ್ಧತಿ ಕರ್ನಾಟಕಕ್ಕೆ ಬಂತು. ಹಾಗೆ ಹಳ್ಳಿ ಹಳ್ಳಿಯಲ್ಲೂ ದಿನಕ್ಕೆರಡು ಸಲ ಅಂಕಿ ಬರೆಯುವ ಅಭ್ಯಾಸವಾಯಿತು. ಎಂಥ ದೊಡ್ಡ ಕಂಪನಿಯೂ ಹೊಟ್ಟೆಕಿಚ್ಚುಪಡುವಷ್ಟು ಲೆಕ್ಕ ನಮ್ಮಲ್ಲಿದೆ. ಆದರೆ ಹಣ ಕೊಡಲು ಬರೆದ ಪುಸ್ತಕ ಹಣದ ಪ್ರಶ್ನೆಗೆ ಮಾತ್ರ ತಾನಾಗಿ ಉತ್ತರ ಹೇಳುತ್ತದೆ. ಬೇರೆ ಪ್ರಶ್ನೆ ಇದ್ದರೆ ಅದೇ ಸಾಲುಗಳನ್ನು ಬೇರೆ ಬಗೆಯಲ್ಲಿ ಕೂಡಿಸಬೇಕು, ಬೇರೆ ಬಗೆಯಲ್ಲಿ ವಿಂಗಡಿಸಬೇಕು. ಆ ಕೆಲಸವನ್ನು ಯಾರೂ ನಿಮಗೆ ವಹಿಸುವುದಿಲ್ಲ, ನೀವೇ ಮೈಮೇಲೆ ಹಾಕಿಕೊಳ್ಳಬೇಕು.

ಪುಸ್ತಕ ತೆರೆಯುವ ಮೊದಲು ಚೀಟಿ ಬರೆಯಿರಿ

ಒಂದು ಜೂನ್ ತಿಂಗಳಿನಲ್ಲಿ ನಮ್ಮ ಸಂಘದ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ, ಶೇಕಡಾ 3.9ರಿಂದ 3.6ಕ್ಕೆ ಬಿತ್ತು. ಆಡಳಿತ ಮಂಡಳಿಯ ಸಭೆ ಸೇರಿತು. ಕೆಳಗಿನ ಬೀದಿಯವರು ನೀರು ಹಾಕುತ್ತಿದ್ದಾರೆ ಎಂದು ಒಬ್ಬ ನಿರ್ದೇಶಕಿ ಹೇಳಿದರು. ಅವರ ಮನೆ ಮೇಲಿನ ಬೀದಿಯಲ್ಲಿದೆ ಎಂಬುದನ್ನು ಇಲ್ಲಿ ಸೇರಿಸಬೇಕು. ಇನ್ನೊಬ್ಬರು ಹಾಲು ಪರೀಕ್ಷಕಿಯನ್ನು ಬದಲಿಸಿ ಎಂದರು. ಮೂರನೆಯವರಿಗೆ ಹಸುಗಳ ಮೇಲೇ ಅನುಮಾನ: ಮಳೆ ಬಿದ್ದು ಎಲ್ಲರೂ ಹಸಿ ಹುಲ್ಲು ಹಾಕುತ್ತಿದ್ದಾರೆ, ಅದಕ್ಕೇ ಹೀಗೆ. ಅಧ್ಯಕ್ಷರು ಪರೀಕ್ಷಕಿಯನ್ನು ಬಿಡಿಸುವ ಠರಾವು ಬರೆಯಲು ನನಗೆ ಹೇಳಿದರು. ನನಗೆ ಧೈರ್ಯಕ್ಕಿಂತ ಹೆಚ್ಚಾಗಿ ರೇಗಿತ್ತು. ಒಂದು ವಾರ ಸಮಯ ಕೊಡಿ ಎಂದೆ.

ಆ ವಾರ ಮಾಡಿದ ಮೊದಲ ಕೆಲಸ ಲೆಕ್ಕದ್ದಲ್ಲ. ಮೂರು ಚೀಟಿ ತೆಗೆದುಕೊಂಡು ಒಂದೊಂದರ ಮೇಲೆ ಒಂದೊಂದು ಅನುಮಾನ ಬರೆದೆ. ಅದರ ಕೆಳಗೆ, ಈ ಅನುಮಾನ ನಿಜವಾಗಿದ್ದರೆ ಪುಸ್ತಕದಲ್ಲಿ ಏನು ಕಾಣಬೇಕು ಎಂದು ಬರೆದೆ. ನೀರು ಬೆರೆಸಿದ್ದರೆ ಫ್ಯಾಟ್ ಒಂದೇ ಇಳಿಯುವುದಿಲ್ಲ, ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶವಾದ ಎಸ್‌ಎನ್‌ಎಫ್ ಕೂಡ ಅದೇ ಪ್ರಮಾಣದಲ್ಲಿ ಇಳಿಯಬೇಕು. 3.9 ಇದ್ದದ್ದು ನೀರಿನಿಂದ 3.6 ಆಗಿದ್ದರೆ 8.5 ಇದ್ದ ಎಸ್‌ಎನ್‌ಎಫ್ 7.85ರ ಹತ್ತಿರ ಬರಬೇಕು. ಪರೀಕ್ಷಕಿಯ ಕೈವಾಡವಾದರೆ ನಮ್ಮ ಪರೀಕ್ಷಾ ಪುಸ್ತಕಕ್ಕೂ ನಮ್ಮ ಹಾಲು ಕೊಳ್ಳುವ ಒಕ್ಕೂಟ ತಾನೂ ಪರೀಕ್ಷಿಸಿ ಲಾರಿಯ ಜೊತೆ ಕಳುಹಿಸುವ ಚೀಟಿಗೂ ನಡುವಿನ ಅಂತರ ಮೊದಲಿಗಿಂತ ಹೆಚ್ಚಾಗಿರಬೇಕು. ಮೇವಿನ ದೋಷವಾದರೆ ಎಸ್‌ಎನ್‌ಎಫ್ ಇದ್ದಲ್ಲೇ ಇದ್ದು ಫ್ಯಾಟ್ ಮಾತ್ರ ಇಳಿದಿರಬೇಕು, ಅದೂ ಒಣಹುಲ್ಲು ಇಲ್ಲದ ಮನೆಗಳಲ್ಲಿ. ನಾರಿನಂಶ ಕಡಿಮೆಯಾದರೆ ಹಾಲಿನ ಕೊಬ್ಬು ಇಳಿಯುತ್ತದೆ ಎಂಬುದು ಪಶುವೈದ್ಯರು ಎಲ್ಲ ಸಭೆಯಲ್ಲೂ ಹೇಳುವ ಮಾತು.

ಪ್ರತಿ ಚೀಟಿಯ ಹಿಂಬದಿಯಲ್ಲಿ ಇನ್ನೊಂದು ಸಾಲು: ಹಾಗೆಂದು ಗೊತ್ತಾದರೆ ನಾವು ಏನು ಮಾಡುತ್ತೇವೆ? ಈ ಸಾಲನ್ನು ದಯವಿಟ್ಟು ಬಿಡಬೇಡಿ. ಅಂಕಿ ಹೇಗೆ ಬಂದರೂ ಮಾಡುವ ಕೆಲಸ ಒಂದೇ ಆಗಿದ್ದರೆ ಲೆಕ್ಕ ಹಾಕುವ ಶ್ರಮ ದಂಡ. ಇಂಥ ದಂಡದ ಲೆಕ್ಕಗಳನ್ನು ನಾನು ಎಷ್ಟು ಕಟ್ಟಿದ್ದೇನೋ, ಹೊಲಿದು ಇಟ್ಟಿದ್ದರೆ ಹಾಸಿಗೆಯಾಗುತ್ತಿತ್ತು.

ಆಮೇಲೆ ಪುಸ್ತಕ ತೆರೆದೆ. ಎಸ್‌ಎನ್‌ಎಫ್ 8.5ರಲ್ಲೇ ನಿಂತಿತ್ತು. ನೀರಿನ ಚೀಟಿ ಅಲ್ಲಿಗೇ ಮುಗಿಯಿತು. ಲಾರಿ ಚೀಟಿಯ ಅಂತರವೂ ಏಪ್ರಿಲ್‌ನಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಉಳಿದದ್ದು ಮೇವು. ಫ್ಯಾಟ್ ಅತಿ ಹೆಚ್ಚು ಇಳಿದ ಹತ್ತು ಮನೆ, ಇಳಿಯದೇ ಇದ್ದ ಹತ್ತು ಮನೆ ಪಟ್ಟಿ ಮಾಡಿಕೊಂಡು ಸಂಜೆ ನಡೆದುಕೊಂಡು ಹೋದೆ. ಇಳಿಯದ ಮನೆಗಳ ಹಿತ್ತಿಲಿನಲ್ಲಿ ರಾಗಿ ಹುಲ್ಲಿನ ಮೆದೆ ಇನ್ನೂ ಉಳಿದಿತ್ತು. ಇಳಿದ ಮನೆಗಳಲ್ಲಿ ಯುಗಾದಿಗೇ ಹುಲ್ಲು ಮುಗಿದು, ಮಳೆ ಬಿದ್ದ ಮೇಲೆ ಬದುವಿನ ಎಳೆ ಹುಲ್ಲೇ ಗತಿಯಾಗಿತ್ತು. ಸಂಘದಿಂದ ಎರಡು ಲಾರಿ ಒಣಹುಲ್ಲು ತರಿಸಿ ಅಸಲಿಗೇ ಕೊಟ್ಟೆವು. ಆಗಸ್ಟ್ ವೇಳೆಗೆ ಫ್ಯಾಟ್ 3.8ಕ್ಕೆ ಬಂತು.

ಹುಲ್ಲಿನಿಂದಲೇ ಬಂತು ಎಂದು ನಾನು ಪ್ರಮಾಣ ಮಾಡುವುದಿಲ್ಲ. ಆಗಸ್ಟ್ ವೇಳೆಗೆ ಬದುವಿನ ಎಳೆ ಹುಲ್ಲೂ ಬಲಿತಿತ್ತು, ತಾನಾಗಿಯೇ ಸ್ವಲ್ಪ ಏರುತ್ತಿತ್ತೋ ಏನೋ. ಆದರೆ ಆ ಪರೀಕ್ಷಕಿಯ ಕೆಲಸ ಉಳಿಯಿತು, ಕೆಳಗಿನ ಬೀದಿಯವರ ಮೇಲಿನ ಮಾತು ನಿಂತಿತು. ಇದಕ್ಕೆ ಆದ ಖರ್ಚು ಮೂರು ಚೀಟಿ, ಒಂದು ವಾರ, ಒಂದು ಜೊತೆ ಹವಾಯಿ ಚಪ್ಪಲಿ.

ಅಂಕಿಗಿಂತ ಮೊದಲು ಅದನ್ನು ಬರೆದ ಕೈ

ಅದೇ ಪರೀಕ್ಷಕಿಯ ವಿಷಯವನ್ನು ಇನ್ನೊಂದು ಸಲ ಹೇಳಬೇಕಾಗಿದೆ, ಏಕೆಂದರೆ ಮುಂದಿನ ವರ್ಷ ಅವಳ ಅಂಕಿಗಳಲ್ಲೇ ನನಗೊಂದು ವಿಚಿತ್ರ ಕಂಡಿತು.

ಆಗ ಇನ್ನೂ ಗರ್ಬರ್ ವಿಧಾನವಿತ್ತು. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ತಿರುಗುವ ಯಂತ್ರದಲ್ಲಿ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ಎಣಿಸಬೇಕು. ಒಂದು ಸಣ್ಣ ಗೆರೆ ಎಂದರೆ 0.1. ನಮ್ಮಲ್ಲಿ ದರದ ಮೆಟ್ಟಿಲು 3.5ರಲ್ಲಿತ್ತು, ಅದಕ್ಕಿಂತ ಕೆಳಗಾದರೆ ಲೀಟರಿಗೆ ಹಣ ಕಡಿಮೆ.

ಒಂದು ವಾರದ ಸಂಜೆ ಪಾಳಿಯ ಅಂಕಿಗಳನ್ನೆಲ್ಲ ತೆಗೆದೆ. ಸುಮಾರು 1,100 ಇದ್ದವು. ಒಂದು ಹಾಳೆಯಲ್ಲಿ 0ಯಿಂದ 9ರವರೆಗೆ ಹತ್ತು ಕಂಬ ಗೀಚಿ, ಪ್ರತಿ ಅಂಕಿಯ ಕೊನೆಯ ಸ್ಥಾನ ಯಾವುದೆಂದು ನೋಡಿ ಆ ಕಂಬದಲ್ಲಿ ಒಂದು ಗೀಟು ಹಾಕುತ್ತಾ ಹೋದೆ. 3.7 ಇದ್ದರೆ 7ರ ಕಂಬಕ್ಕೆ, 4.1 ಇದ್ದರೆ 1ರ ಕಂಬಕ್ಕೆ. ಹತ್ತೂ ಕಂಬ ಸರಿಸಮ ಬರಬೇಕೆಂದೇನೂ ಇಲ್ಲ. ಆದರೆ ಅಕ್ಕಪಕ್ಕದ 4 ಮತ್ತು 5ರ ನಡುವೆ ಆನೆ-ಇಲಿಯ ವ್ಯತ್ಯಾಸ ಇರಬಾರದು. ನನ್ನ ಹಾಳೆಯಲ್ಲಿ 5ರ ಕಂಬದಲ್ಲಿ ನಾನೂರಕ್ಕೂ ಹೆಚ್ಚು ಗೀಟು, 4ರ ಕಂಬದಲ್ಲಿ ಹತ್ತೊಂಬತ್ತು. ಇಡೀ ವಾರದಲ್ಲಿ 3.4 ಎಂಬ ಹಾಲು ಊರಿನಲ್ಲಿ ಇರಲೇ ಇಲ್ಲ ಎನ್ನುವಂತೆ.

ಇದು ನಮ್ಮ ಡೈರಿಯ ರೋಗ ಮಾತ್ರ ಎಂದುಕೊಳ್ಳಬೇಡಿ. 35ಕ್ಕೆ ಪಾಸು ಎಂದಿರುವ ಪರೀಕ್ಷೆಯಲ್ಲಿ 34 ಪಡೆದವರನ್ನು ನೀವು ಎಷ್ಟು ಜನರನ್ನು ಕಂಡಿದ್ದೀರಿ? ಎಲ್ಲಿ ಒಂದು ಗೆರೆಯ ಆಚೆಗೆ ಹಣ, ಪಾಸು, ಶಿಕ್ಷೆ ಇರುತ್ತದೋ ಅಲ್ಲಿ ಗೆರೆಯ ಈಚೆ ಅಂಕಿ ಗುಂಪುಗೂಡುತ್ತದೆ. ನಿಮ್ಮ ಕಚೇರಿಯಲ್ಲಿ ಅಂಥ ಗೆರೆ ಎಲ್ಲಿದೆ ಎಂದು ಮೊದಲು ಗುರುತಿಸಿ, ಅದರ ಎರಡೂ ಬದಿಯನ್ನು ಎಣಿಸಿ.

ಪರೀಕ್ಷಕಿಯನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ. "3.4 ಬರೆದರೆ ಅವರ ದುಡ್ಡು ಇಳಿಯುತ್ತದೆ ಅಕ್ಕ. ಒಂದೇ ಹಸು ಇಟ್ಟುಕೊಂಡವರು. ಒಂದು ಗೆರೆ ತಾನೇ?" ಎಂದಳು. ಕಳ್ಳತನ ಎಂದು ನಾನು ಬೈಯಲು ಹೋಗಿದ್ದೆ, ನಾಲಿಗೆ ಏಳಲಿಲ್ಲ. ಆದರೆ ಆ ಒಂದು ಗೆರೆಯ ದುಡ್ಡು ಒಕ್ಕೂಟದಿಂದ ಬರುವುದಿಲ್ಲ, ವರ್ಷದ ಕೊನೆಯಲ್ಲಿ ಎಲ್ಲರ ಬೋನಸ್ಸಿನಿಂದ ಹೋಗುತ್ತದೆ. ಬೋನಸ್ಸಿನಲ್ಲಿ ಅದೇ ಒಂಟಿ ಹಸುವಿನವರ ಪಾಲೂ ಇದೆ. ಕೊನೆಗೆ ಮಾಡಿದ್ದಿಷ್ಟು: ಪ್ರತಿ ಪಾಳಿಯಲ್ಲೂ ಚೀಟಿ ಎತ್ತಿ ಹತ್ತರಲ್ಲೊಂದು ಕೊಳವೆಯನ್ನು, ಸರದಿಯ ಮೇಲೆ ಬರುವ ಒಬ್ಬ ಸದಸ್ಯೆಯೂ ಓದುವುದು, ಎರಡನ್ನೂ ಬರೆಯುವುದು. ಪರೀಕ್ಷಕಿಗೆ ಇದರಿಂದ ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಅವಳಿಗೆ ಹಗುರವಾಯಿತು. "ನಾನೊಬ್ಬಳೇ ನೋಡುವುದಿಲ್ಲ" ಎಂದು ಹೇಳಲು ಅವಳಿಗೆ ಒಂದು ಆಸರೆ ಸಿಕ್ಕಿತು. ಎರಡು ತಿಂಗಳಲ್ಲಿ 4ರ ಕಂಬ ತುಂಬತೊಡಗಿತು.

ಇನ್ನೊಂದು ಸಣ್ಣ ಉಪಾಯ. ಬೆಳಗಿನ ಕರಾವಿಗೂ ಸಂಜೆಯ ಕರಾವಿಗೂ ನಡುವಿನ ಹೊತ್ತು ಕಡಿಮೆ, ಆದ್ದರಿಂದ ಸಂಜೆಯ ಹಾಲು ಕಡಿಮೆ, ಅದರ ಫ್ಯಾಟ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಪುಸ್ತಕದಲ್ಲಿ ಸಂಜೆಯದೇ ಕಡಿಮೆ ಕಂಡರೆ ಹಸುವನ್ನು ಬೈಯಬೇಡಿ, ಕೈಯಲ್ಲಿ ತಿರುಗಿಸುವ ಯಂತ್ರವನ್ನು ದಣಿದ ಕೈ ಸಾಕಷ್ಟು ಹೊತ್ತು ತಿರುಗಿಸಿಲ್ಲ ಎಂದು ತಿಳಿಯಿರಿ. ನಿಮ್ಮ ಕಸುಬಿನಲ್ಲೂ ಇಂಥ, ಹೀಗೆಯೇ ಇರಬೇಕು ಎಂದು ಎಲ್ಲರಿಗೂ ಗೊತ್ತಿರುವ ಒಂದೆರಡು ಸಂಗತಿ ಇರುತ್ತವೆ. ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಅವುಗಳಿಗಿಂತ ಒಳ್ಳೆಯ ಒರೆಗಲ್ಲು ಸಿಗುವುದಿಲ್ಲ.

ಈಗ ಎಲ್ಲ ಕಡೆ ಯಂತ್ರ ಬಂದಿದೆ. ಹಾಲು ಸುರಿದರೆ ತೂಕ, ಫ್ಯಾಟ್, ಎಸ್‌ಎನ್‌ಎಫ್ ಎಲ್ಲ ಚೀಟಿಯಲ್ಲಿ ಮುದ್ರಣವಾಗಿ ಕೈಗೆ ಬರುತ್ತದೆ. ಒಳ್ಳೆಯದೇ. ಆದರೆ ಕರುಣೆ ಇಲ್ಲದ ಯಂತ್ರಕ್ಕೂ ಕೊಳೆ ಅಂಟುತ್ತದೆ. ಸರಿಯಾಗಿ ತೊಳೆಯದಿದ್ದರೆ ಅನಲೈಸರ್ ದಿನಕ್ಕಿಷ್ಟು ಎಂದು ಒಂದೇ ಕಡೆಗೆ ವಾಲುತ್ತಾ ಹೋಗುತ್ತದೆ, ಎಲ್ಲರ ಅಂಕಿಯೂ ಒಟ್ಟಿಗೆ ಜಾರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ವಾರಕ್ಕೊಮ್ಮೆ ಮೂರು ಮಾದರಿಯನ್ನು ಹಳೆಯ ಗರ್ಬರ್‌ನಲ್ಲೂ ನೋಡಿ ವ್ಯತ್ಯಾಸ ಬರೆದಿಡಿ. ನಮ್ಮ ಹಳೆಯ ಕೊಳವೆಗಳನ್ನು ಗುಜರಿಗೆ ಹಾಕಲು ನಾನು ಬಿಡಲಿಲ್ಲ.

ಪುಸ್ತಕದಲ್ಲಿ ಇಲ್ಲದವರು

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಯದು. ಐದು ವರ್ಷದಲ್ಲಿ ನಮ್ಮ ದಿನದ ಹಾಲು 900 ಲೀಟರಿನಿಂದ 1,080ಕ್ಕೆ ಏರಿತು. ಪ್ರತಿ ವಾರ್ಷಿಕ ಸಭೆಯಲ್ಲೂ ಆ ಏರಿಕೆಯನ್ನು ನಾನೇ ಓದಿ ಚಪ್ಪಾಳೆ ಹೊಡೆಸಿಕೊಂಡೆ. ಒಂದು ದಿನ ಪಶು ಆಹಾರದ ಮೂಟೆಗಳ ಲೆಕ್ಕ ಕೂಡಿಸುವಾಗ, ತೆಗೆದುಕೊಂಡು ಹೋದವರ ಹೆಸರುಗಳು ಅವೇ ಅವೇ ಮತ್ತೆ ಬರುತ್ತಿರುವುದು ಕಂಡು ಮನಸ್ಸಿಗೆ ಪಿಚ್ಚೆನಿಸಿತು. ಲೀಟರಿನ ಪಕ್ಕ ಇನ್ನೊಂದು ಕಂಬ ಗೀಚಿ, ಎಷ್ಟು ಮನೆಯಿಂದ ಎಂದು ಎಣಿಸಿದೆ. 164 ಇದ್ದದ್ದು 121 ಆಗಿತ್ತು. ಊರಿನಲ್ಲಿ ನಾಲ್ಕು ದೊಡ್ಡ ಕೊಟ್ಟಿಗೆಗಳು ಎದ್ದಿದ್ದವು, ಅವುಗಳ ಹಾಲು ಉಳಿದವರ ಗೈರುಹಾಜರಿಯನ್ನು ಮುಚ್ಚಿಬಿಟ್ಟಿತ್ತು.

(ಮನೆ ಎಂದು ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ. ಪುಸ್ತಕದಲ್ಲಿರುವುದು ಕೋಡ್ ಸಂಖ್ಯೆ. ಅತ್ತೆಗೊಂದು, ಸೊಸೆಯರಿಬ್ಬರಿಗೆ ಒಂದೊಂದು ಎಂದು ಒಂದೇ ಒಲೆಯ ಮನೆಗೆ ಮೂರು ಕೋಡ್ ಇರುತ್ತವೆ. ಬೇರೆಯಾದ ಅಣ್ಣತಮ್ಮಂದಿರ ಎರಡು ಕೊಟ್ಟಿಗೆ ಒಂದೇ ಕೋಡಿನಲ್ಲಿ ಹಾಲು ಹಾಕುವುದೂ ಉಂಟು. ನೀವು ಎಣಿಸುತ್ತಿರುವ ಒಂದು ಎಂದರೆ ಏನು ಎಂದು ಒಮ್ಮೆ ಬರೆದು ಗೋಡೆಗೆ ಅಂಟಿಸಿ.)

ಬಿಟ್ಟುಹೋದ 43 ಜನರ ಬಗ್ಗೆ ಪುಸ್ತಕ ಏನನ್ನೂ ಹೇಳುವುದಿಲ್ಲ, ಅವರ ಸಾಲುಗಳು ಒಂದು ದಿನ ನಿಂತಿವೆ ಅಷ್ಟೆ. ಇಂಥ ಕಡೆ ಬೀರುವಿನ ಬಾಗಿಲು ಹಾಕಿ ಊರೊಳಗೆ ನಡೆಯಬೇಕು. ಒಂಬತ್ತು ಮನೆಯವರು ಹಸು ಮಾರಿದ್ದರು. ಏಳು ಮನೆ ಬೆಂಗಳೂರು ಸೇರಿತ್ತು. ಉಳಿದ 27 ಮನೆಗಳಲ್ಲಿ ಹಸುವಿದೆ, ಹಾಲಿದೆ, ನಮಗೆ ಬರುತ್ತಿಲ್ಲ. ಅದರಲ್ಲಿ 19 ಕೆರೆಯಾಚೆಯ ಒಂದೇ ಮಜರೆ ಗ್ರಾಮದವು.

ಅಲ್ಲಿ ಒಬ್ಬಳು ಜಗುಲಿಯ ಮೇಲೆ ಕೂರಿಸಿ ಹೇಳಿದಳು: "ನೀವು ಸಂಜೆ ಐದೂಕಾಲಿಗೆ ಡೈರಿ ಮುಚ್ಚುತ್ತೀರಿ. ಗಾರ್ಮೆಂಟ್ಸ್ ಬಸ್ಸು ನಮ್ಮನ್ನು ಇಳಿಸುವುದು ಆರೂ ಹತ್ತಕ್ಕೆ. ಹಾಲನ್ನು ಯಾರು ಹಿಂಡಬೇಕು, ಯಾರು ತರಬೇಕು?" ಏಳು ಗಂಟೆಗೆ ಖಾಸಗಿಯವನೊಬ್ಬ ಬೈಕಿನಲ್ಲಿ ಕ್ಯಾನು ಕಟ್ಟಿಕೊಂಡು ಬಾಗಿಲಿಗೇ ಬರುತ್ತಿದ್ದ. ಲೀಟರಿಗೆ ನಾಲ್ಕು ರೂಪಾಯಿ ಕಡಿಮೆ ಕೊಡುತ್ತಿದ್ದ. ಆ ನಾಲ್ಕು ರೂಪಾಯಿ ನಮ್ಮ ಹನ್ನೊಂದು ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ.

ಸಂಜೆಯ ಸಮಯ ಹಿಂದೆ ಲಾರಿಗಾಗಿ ಇಟ್ಟದ್ದು. ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡುವ ಬಿಎಂಸಿ (ಬಲ್ಕ್ ಮಿಲ್ಕ್ ಕೂಲರ್) ಬಂದು ಎರಡು ವರ್ಷವಾಗಿತ್ತು, ಸಂಜೆ ಲಾರಿ ಬರುತ್ತಲೇ ಇರಲಿಲ್ಲ. ಸಮಯ ಮಾತ್ರ ಹಾಗೇ ಉಳಿದಿತ್ತು, ಯಾರೂ ಕೇಳಲಿಲ್ಲವಾದ್ದರಿಂದ. ಆರೂ ಮುಕ್ಕಾಲರವರೆಗೆ ತೆರೆದಿಟ್ಟೆವು, ಪರೀಕ್ಷಕಿಗೆ ಹೆಚ್ಚಿನ ಹೊತ್ತಿನ ಭತ್ಯೆ ಕೊಟ್ಟೆವು. ಮೂರು ತಿಂಗಳಲ್ಲಿ 15 ಮನೆ ವಾಪಸು ಬಂದವು. ನಾಲ್ಕು ಮನೆಯವರು ಬೈಕಿನವನಿಂದ ಮುಂಗಡ ತೆಗೆದುಕೊಂಡಿದ್ದರು, ಅದು ತೀರುವವರೆಗೆ ಅವರು ಬರುವಂತಿರಲಿಲ್ಲ.

ಮೊತ್ತದ ಪಕ್ಕದಲ್ಲಿ ತಲೆ ಎಣಿಕೆಯನ್ನೂ ಇಡಿ. ಜೊತೆಗೆ, ಹೋದ ತಿಂಗಳಿನೊಂದಿಗೆ ಹೋಲಿಸುವ ಚಟ ಬಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ, ಮಳೆಗಾಲ ಹಿಡಿದ ಮೇಲೆ ಏರುತ್ತದೆ, ಇದನ್ನು ತಿಳಿಯಲು ಕಾರ್ಯದರ್ಶಿ ಬೇಕಿಲ್ಲ. ಹೋದ ವರ್ಷದ ಇದೇ ತಿಂಗಳನ್ನು ಪಕ್ಕದಲ್ಲಿ ಬರೆಯಿರಿ, ಆ ತಿಂಗಳು ಸರಿಯಿತ್ತೇ ಎಂದೂ ನೆನಪಿಸಿಕೊಳ್ಳಿ. 2013ರಲ್ಲಿ ಕಾಲುಬಾಯಿ ಜ್ವರ ಬಂದು ರಾಜ್ಯದಲ್ಲಿ ಸಾವಿರಾರು ದನಗಳು ಸತ್ತವು. ಅದರ ಮರು ವರ್ಷ, ಹಿಂದಿನ ವರ್ಷಕ್ಕಿಂತ ಏರಿದ್ದೇವೆ ಎಂದು ಬೀಗಿದ ಸಂಘಗಳನ್ನು ನಾನು ಕಂಡಿದ್ದೇನೆ.

ಬಹುಮಾನದ ಒಂದು ಪ್ರಸಂಗ

ಹುಳಿ ಹಾಲು ಇಲ್ಲದ ತಿಂಗಳಿಗೆ 500 ರೂಪಾಯಿ ಬಹುಮಾನ ಎಂದು ಸಿಬ್ಬಂದಿಗೆ ಘೋಷಿಸಿದೆವು. ಮರುತಿಂಗಳೇ ಹುಳಿ ಹಾಲಿನ ಕಂಬದಲ್ಲಿ ಸೊನ್ನೆ. ಅದರ ಮರುತಿಂಗಳೂ ಸೊನ್ನೆ. ಒಂದು ಬೆಳಿಗ್ಗೆ ಅಜ್ಜಿಯೊಬ್ಬಳು ತುಂಬಿದ ಚೊಂಬನ್ನು ಹಾಗೇ ಹಿಡಿದು ವಾಪಸು ಹೋಗುತ್ತಿದ್ದುದನ್ನು ಕಂಡೆ. ಅನುಮಾನ ಬಂದ ಹಾಲನ್ನೆಲ್ಲ ಬಾಗಿಲಿನಲ್ಲೇ, ಬರೆಯದೆ, ತಿರುಗಿಸಿ ಕಳುಹಿಸುತ್ತಿದ್ದರು. ಬಹುಮಾನ ನಿಲ್ಲಿಸಿದೆವು. ತಿರುಗಿಸಿದ ಹಾಲನ್ನು ಗಂಟೆ ಸಮೇತ ಬರೆಯುವ ಪುಸ್ತಕ ಇಟ್ಟೆವು. ಒಂದು ಅಂಕಿಗೆ ಹಣ ಕಟ್ಟುವ ಮೊದಲು, ಕೆಲಸ ಸುಧಾರಿಸದೆಯೂ ಆ ಅಂಕಿಯನ್ನು ಸುಧಾರಿಸುವ ದಾರಿ ಯಾವುದಿದೆ ಎಂದು ಯೋಚಿಸಿ. ನಿಮಗೆ ಹೊಳೆಯದಿದ್ದರೆ ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಕೇಳಿ, ತಕ್ಷಣ ಹೇಳುತ್ತಾರೆ.

ದೊಡ್ಡ ಖರ್ಚಿಗೆ ಮೊದಲು ಚೀಟಿ ಎತ್ತಿ

ಖನಿಜ ಮಿಶ್ರಣವನ್ನು ಎಲ್ಲರಿಗೂ ಅರ್ಧ ಬೆಲೆಗೆ ಕೊಡಬೇಕೆಂದು ಪ್ರಸ್ತಾಪ ಬಂತು. ಮೊದಲು ನಲವತ್ತು ಮನೆಯಲ್ಲಿ ನೋಡೋಣ ಎಂದೆ. ಕೇಳಿದವರಿಗೆ ಕೊಟ್ಟರೆ ಕೆಡುತ್ತದೆ, ಏಕೆಂದರೆ ಮೊದಲು ಕೇಳುವವರು ಹೇಗೂ ಹಸುವನ್ನು ಚೆನ್ನಾಗಿ ನೋಡಿಕೊಳ್ಳುವವರು. ನಲವತ್ತು ಚೀಟಿ ಡಬ್ಬಿಗೆ ಹಾಕಿ ಅಂಗನವಾಡಿಯ ಮಗುವಿನಿಂದ ಇಪ್ಪತ್ತು ಎತ್ತಿಸಿದೆವು. ಅವರಿಗೆ ಎರಡು ತಿಂಗಳು ಉಚಿತ, ಉಳಿದವರಿಗೆ ಆಮೇಲೆ. ನಮ್ಮ ಹೊಲಗಳಲ್ಲಿ ಇಳುವರಿ ಅಂದಾಜಿಗೆಂದು ಬೆಳೆ ಕಟಾವು ಪ್ರಯೋಗ ನಡೆಯುವಾಗ ಸರ್ವೆ ನಂಬರನ್ನು ಮೊದಲೇ ಲಾಟರಿಯಂತೆ ಆರಿಸಿರುತ್ತಾರಲ್ಲ, ಇದೂ ಅದೇ ಜಾಡು. ಅಧಿಕಾರಿಗೆ ಇಷ್ಟವಾದ ಹೊಲ ಆರಿಸುವ ಅವಕಾಶವಿದ್ದರೆ ಊರ ಮುಂದಿನ ಒಳ್ಳೆಯ ಹೊಲವೇ ಆಯ್ಕೆಯಾಗುತ್ತದೆ. 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬಿನ ಹೊಲಗಳನ್ನು ಹೀಗೆ ಆರಿಸಿ ಅಳೆಯುವ ಪದ್ಧತಿಯನ್ನು ಬೆಳೆಸಿದವರು ಪಿ.ಸಿ. ಮಹಾಲನೋಬಿಸ್, ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದವರು.

ಎರಡು ತಿಂಗಳಾದ ಮೇಲೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಹಸುವಿಗೆ 200 ಮಿಲಿ. ಒಂದೇ ಹಸು ಈ ವಾರಕ್ಕೂ ಮುಂದಿನ ವಾರಕ್ಕೂ ಅದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಒಬ್ಬ ನಿರ್ದೇಶಕಿ, ಹಾಲು ಹೆಚ್ಚಾಯಿತು ಎಂದೇ ಬರೆಯಿರಿ ಎಂದರು. ಏನೂ ಗೊತ್ತಾಗಲಿಲ್ಲ ಎಂದು ಬರೆದೆ. ಪಶುವೈದ್ಯರು ಬಂದಾಗ ನಕ್ಕು, ಇದರ ಗುಣವನ್ನು ನೋಡಬೇಕಾದ್ದು ಬೆದೆಯಲ್ಲಿ ಮತ್ತು ಗಬ್ಬದಲ್ಲಿ, ಅದಕ್ಕೆ ವರ್ಷ ಬೇಕು ಎಂದರು. ನಾವು ತಪ್ಪು ಪ್ರಶ್ನೆಗೆ ಸರಿಯಾದ ಕ್ರಮದಲ್ಲಿ ಉತ್ತರ ಹುಡುಕಿದ್ದೆವು. ಕೃತಕ ಗರ್ಭಧಾರಣೆಯ ಪುಸ್ತಕ ತೆಗೆದರೆ, ಮಾಡಿಸಿದ ದಿನಾಂಕಗಳೆಲ್ಲ ಇದ್ದವು, ಗಬ್ಬ ನಿಂತಿತೇ ಎಂಬ ಕಂಬ ಮಾತ್ರ ಮುಕ್ಕಾಲು ಪಾಲು ಖಾಲಿ. ಮೂರು ತಿಂಗಳ ನಂತರ ಫೋನು ಮಾಡಿ ಕೇಳಿ ತುಂಬಿಸುವ ಪದ್ಧತಿ ಅಂದಿನಿಂದ ಶುರುವಾಯಿತು.

ಸಭೆಯ ದಿನ

ನಿರ್ದೇಶಕಿಯರ ಕೈಗೆ ಒಂದೇ ಹಾಳೆ ಕೊಡಿ. ಅದರಲ್ಲಿ ಮೂರೋ ನಾಲ್ಕೋ ಅಂಕಿ, ಪಕ್ಕದಲ್ಲಿ ಹೋದ ವರ್ಷದ ಇದೇ ತಿಂಗಳು, ಕೆಳಗೆ ಅಂದು ತೀರ್ಮಾನವಾಗಬೇಕಾದ ಪ್ರಶ್ನೆ. ನಮ್ಮಲ್ಲಿ ಅವೇ ಅಂಕಿಗಳನ್ನು ಹಿಂದಿನ ದಿನವೇ ಡೈರಿಯ ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಹಾಲು ಹಾಕಲು ಬಂದವರು ಅಲ್ಲೇ ಜಗಳವಾಡಿ ಮುಗಿಸಿರುತ್ತಿದ್ದರು, ಸಭೆ ಬೇಗ ಮುಗಿಯುತ್ತಿತ್ತು. ಹಲಗೆಯ ಮೇಲೆ ಹೆಸರು ಮಾತ್ರ ಬೇಡ. ಒಮ್ಮೆ ಅತಿ ಕಡಿಮೆ ಫ್ಯಾಟ್ ಬಂದ ಐದು ಹೆಸರು ಬರೆದೆ. ಅವರಲ್ಲಿ ಒಬ್ಬಳು ಎರಡು ತಿಂಗಳು ಡೈರಿಯ ಮೆಟ್ಟಿಲು ಹತ್ತಲಿಲ್ಲ. ಮನೆಗೆ ಹೋಗಿ ಕ್ಷಮೆ ಕೇಳಿದೆ. ಒಬ್ಬರ ಅಂಕಿ ಅವರ ಕೈಗೆ, ಊರಿನ ಅಂಕಿ ಹಲಗೆಗೆ.

ನಡಾವಳಿ ಪುಸ್ತಕದ ಎಡ ಅಂಚಿನಲ್ಲಿ ಪ್ರತಿ ಠರಾವಿನ ಪಕ್ಕ ಮೂರು ಸಣ್ಣ ಸಾಲು ಬರೆಯಿರಿ: ಯಾವ ಅಂಕಿ ನೋಡಿ ಇದನ್ನು ಮಾಡಿದೆವು, ಏನಾಗುತ್ತದೆ ಎಂದುಕೊಂಡಿದ್ದೇವೆ, ಮತ್ತೆ ಯಾವಾಗ ನೋಡುತ್ತೇವೆ. ಎರಡನೆಯ ಸಾಲು ಬರೆಯುವಾಗ ಸಭೆಯಲ್ಲಿ ಒಂದು ಬಗೆಯ ಮೌನ ಆವರಿಸುತ್ತದೆ, ಹೆದರಬೇಡಿ. ನನ್ನ ಕೊನೆಯ ಆರು ವರ್ಷದಲ್ಲಿ ಹೀಗೆ 41 ಠರಾವುಗಳಿಗೆ ಬರೆದೆವು. 14 ಎಣಿಸಿದಂತೆ ಆದವು, 9 ತಿರುಗುಮುರುಗಾದವು. ಉಳಿದ 18ರಲ್ಲಿ ಏನಾಯಿತೆಂದು ಹೇಳಲು ಆಗಲಿಲ್ಲ, ಏಕೆಂದರೆ "ಒಳ್ಳೆಯದಾಗುತ್ತದೆ" ಎಂದಷ್ಟೇ ಬರೆದಿದ್ದೆವು. ಎಷ್ಟು, ಯಾವಾಗ ಎಂದು ಬರೆಯದ ನಿರೀಕ್ಷೆಯನ್ನು ಆಮೇಲೆ ಹೇಗೆ ಬೇಕಾದರೂ ಓದಿಕೊಳ್ಳಬಹುದು, ನಾವು ಓದಿಕೊಂಡೂ ಇದ್ದೆವು.

ನೀವು ನಾಳೆಯೇ ಶುರು ಮಾಡುವುದಾದರೆ ಹೊಸ ತಂತ್ರಾಂಶಕ್ಕೆ ಕಾಯಬೇಡಿ. ಹೋದ ತಿಂಗಳ ಪುಸ್ತಕದಿಂದ ಒಂದು ವಾರದ ಅಂಕಿ ತೆಗೆದುಕೊಂಡು ಹತ್ತು ಕಂಬದ ಹಾಳೆಯಲ್ಲಿ ಗೀಟು ಹಾಕಿ, ಒಂದು ಗಂಟೆಯ ಕೆಲಸ. ಅಂಕಿ ಬರೆದವರು ಪಕ್ಕದಲ್ಲಿ ಕುಳಿತಿರುವಾಗ ಇದನ್ನು ಮಾಡಬೇಡಿ. ಯಾವುದಾದರೂ ಕಂಬ ಅತಿಯಾಗಿ ಎದ್ದು ನಿಂತರೆ ಹಾಳೆಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಅವರಿಗೆ ಒಂದು ಲೋಟ ಕಾಫಿ ಕೊಟ್ಟು, ಆಮೇಲೆ ಕೇಳಿ.